ಕೆಲಸದ ಕಿವಿ, ಮನೆಯ ಕಿವಿ

ಅವಳು ಸತ್ತದ್ದು ಹೊಟ್ಟೆಯೊಳಗಿನ ಗೆಡ್ಡೆಯಿಂದ. ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ಕಿಟಕಿಯ ಪಕ್ಕದ ಹಾಸಿಗೆಯಲ್ಲಿ, ಮಧ್ಯಾಹ್ನದ ಹೊತ್ತು. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಅವಳು ಕೆಲಸ ಮಾಡಿದ ನೈಟ್‌ಕ್ಲಬ್ಬಿನವರು ಬೇರೆಯೇ ಕಥೆ ಕಟ್ಟಿದ್ದಾರೆ. ಕಿವುಡಿ, ಹಿಂದಿನಿಂದ ಬಂದ ಲಾರಿಯ ಹಾರ್ನ್ ಕೇಳಿಸದೆ ಚಕ್ರಕ್ಕೆ ಸಿಕ್ಕಳು ಎಂದು ಹೇಳಿಕೊಂಡು ನಗುತ್ತಾರಂತೆ. ಅವಳು ಯಾವ ಲಾರಿಗೂ ಸಿಕ್ಕಲಿಲ್ಲ. ಕಿವಿಯ ಕೆಲಸವನ್ನೂ ಕಣ್ಣಿಗೇ ಹೊರಿಸಿದ್ದ ಹೆಂಗಸು ಅವಳು. ರಸ್ತೆ ದಾಟುವಾಗ ಅವಳಷ್ಟು ಕತ್ತು ತಿರುಗಿಸಿ ನೋಡುವವರು ಆ ಬೀದಿಯಲ್ಲೇ ಇರಲಿಲ್ಲ. ಕ್ಲಬ್ಬಿನ ಹುಡುಗಿಯರಿಗೆ ಅವಳ ಮೇಲೆ ಕೋಪ ಇರುವುದಕ್ಕೆ ಕಾರಣವಿದೆ. ಸುಳ್ಳು ಹೇಳುವುದಕ್ಕೆ ಕಾರಣವಿಲ್ಲ.

ಎದುರಿಗೆ ಅವಳನ್ನು ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಸೈರನ್. ಹಾಡು ಎಷ್ಟೇ ಜೋರಾಗಿರಲಿ, ಅವಳ ದನಿ ಅದನ್ನು ಸೀಳಿಕೊಂಡು ಆಚೆ ಗೋಡೆ ಮುಟ್ಟುತ್ತಿತ್ತು. ಬಾಯಿ ಒಳ್ಳೆಯದಲ್ಲ. ಯಾರನ್ನೂ ಬೈಯದೆ ಒಂದು ದಿನ ಕಳೆದರೆ ಮೈ ಸರಿಯಿಲ್ಲವೇನೋ ಎಂದು ಅವಳೇ ಹಣೆ ಮುಟ್ಟಿ ನೋಡಿಕೊಳ್ಳುವವಳು. ಸತ್ತವರನ್ನೆಲ್ಲ ದೇವರಂಥವರು ಎನ್ನುವುದು ವಾಡಿಕೆ. ಅವಳನ್ನು ಹಾಗೆಂದರೆ ಎದ್ದು ಬಂದು ಜಗಳ ತೆಗೆದಾಳು.

ಕ್ಲಬ್ಬು ಇರುವುದು ಬಟ್ಟೆ ಅಂಗಡಿಗಳ ಸಾಲಿನ ಕೆಳಗೆ, ನೆಲಮಾಳಿಗೆಯಲ್ಲಿ. ಇಳಿಯುವ ಮೆಟ್ಟಿಲಿನ ಬಾಯಲ್ಲಿ ಕಾವಲಿನವನು ನಿಲ್ಲುತ್ತಾನೆ. ಅವನ ಎತ್ತರಕ್ಕೆ ಎಲ್ಲರೂ ಅವನನ್ನು ಕಂಬ ಎನ್ನುತ್ತಾರೆ. ಒಳಗೆ ಗೋಡೆ, ಚಾವಣಿ ಎಲ್ಲಕ್ಕೂ ಕಪ್ಪು ಬಣ್ಣ. ಹಗಲು ಹೊತ್ತಿನಲ್ಲಿ ದೀಪ ಹಾಕಿದರೆ ಕಪ್ಪಿನ ಮೇಲೆ ಕೈಗುರುತು, ಬೆವರಿನ ಗೆರೆ, ಚೂಯಿಂಗ್ ಗಮ್ ಎಲ್ಲ ಕಾಣುತ್ತವೆ. ಉದ್ದನೆಯ ಕೌಂಟರಿಗೆ ತಗಡು ಹೊದಿಸಿದೆ. ಬಿಯರಿನ ನಲ್ಲಿಗಳು ಬಲಗೈ ಕಡೆ. ಎಡತುದಿಯಲ್ಲಿ, ಬಟ್ಟೆಯ ಬೀರುಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ, ಸ್ಪೀಕರುಗಳು. ಹಾಡು ಶುರುವಾದರೆ ತಗಡು ನಡುಗುತ್ತದೆ, ಗ್ಲಾಸುಗಳು ತಾವಾಗಿಯೇ ಅಂಚಿನ ಕಡೆ ಸರಿಯುತ್ತವೆ.

ಅಂಥ ಸದ್ದಿನಲ್ಲಿ ಗಿರಾಕಿ ಏನು ಬೇಕು ಎಂದು ಹೇಳುವುದು ಹೇಗೆ? ಕೌಂಟರಿನ ಮೇಲೆ ಬಗ್ಗಿ, ಹುಡುಗಿಯ ಕಿವಿಗೆ ಬಾಯಿ ತಾಗಿಸುವಷ್ಟು ಹತ್ತಿರ ಬಂದು ಕೂಗುತ್ತಾನೆ. ಹುಡುಗಿಯ ಬಲಗೈ ನಲ್ಲಿಯ ಮೇಲೆ, ಎಡಗಿವಿ ಗಿರಾಕಿಯ ಬಾಯಿಗೆ. ಇದು ಸೈರನ್ ಮಾಡಿದ ಕ್ರಮ. ಹೊಸಬಳು ಬಂದ ದಿನ ಅವಳು ಗ್ಲಾಸು ತೊಳೆಯುವುದನ್ನು ಕಲಿಸುತ್ತಿರಲಿಲ್ಲ, ನೊರೆ ಬಾರದಂತೆ ಬಿಯರ್ ಹಿಡಿಯುವುದನ್ನೂ ಅಲ್ಲ. ಮೊದಲು ಕಿವಿಯ ಪಾಠ.

"ಎಡಗಿವಿ ಕೆಲಸದ್ದು, ಬಲಗಿವಿ ಮನೇದು. ಕೆಲಸದ ಕಿವಿ ಗಿರಾಕಿಗೆ ಕೊಡು, ಹಾಳಾಗಿ ಹೋಗಲಿ. ಮನೆ ಕಿವಿಗೆ ಹತ್ತಿ ಇಟ್ಕೊ. ಆ ಕಿವೀಲಿ ಹಾಲು ಉಕ್ಕೋದು ಕೇಳಬೇಕು, ಮಗು ಅಳೋದು ಕೇಳಬೇಕು, ಗಂಡ ಸುಳ್ಳು ಹೇಳೋದು ಕೇಳಬೇಕು."

"ಗಂಡ ಇಲ್ದಿದ್ರೆ ಅಕ್ಕ?"

"ಇಲ್ದಿದ್ರೆ ಹತ್ತಿ ಉಳೀತು ಅಂದ್ಕೊ."

ಹುಡುಗಿಯರು ನಗುತ್ತಿದ್ದರು. ಈ ಪಾಠದ ಬಗ್ಗೆ ಅವಳಿಗೆ ಹೆಮ್ಮೆ ಇತ್ತು. ಕ್ಲಬ್ಬಿನ ಮ್ಯಾನೇಜರು ಈ ಹುಡುಗಿಯರ ಕಿವಿಯ ಬಗ್ಗೆ ಒಂದು ದಿನವೂ ಯೋಚಿಸಿದವನಲ್ಲ. ತಾನು ಯೋಚಿಸಿದ್ದೇನೆ, ಎರಡರಲ್ಲಿ ಒಂದನ್ನಾದರೂ ಉಳಿಸಿಕೊಟ್ಟಿದ್ದೇನೆ ಎಂಬ ನಂಬಿಕೆ ಅವಳದು. ಮ್ಯಾನೇಜರನ ಮೇಜಿನ ಡ್ರಾಯರಿನಲ್ಲಿ ಸ್ಪಂಜಿನ ಇಯರ್‌ಪ್ಲಗ್ಗುಗಳ ದೊಡ್ಡ ಡಬ್ಬವೊಂದಿತ್ತು. ತಪಾಸಣೆಯವರು ಬಂದರೆ ತೋರಿಸಲು ಇಟ್ಟದ್ದು, ಸೀಲು ಒಡೆದಿರಲಿಲ್ಲ. ಅದನ್ನು ಕಂಡಾಗೆಲ್ಲ ಸೈರನ್ ತಾನೇ ಮುಂದಾಗಿ ಹೀಯಾಳಿಸುತ್ತಿದ್ದಳು. "ಎರಡು ಕಿವೀಗೂ ಬಿರಡೆ ಹಾಕ್ಕೊಂಡ್ರೆ ಗಿರಾಕಿ ಕೇಳಿದ್ದು ಬಿಯರೋ ವಿಷವೋ ಹೇಗೆ ಗೊತ್ತಾಗುತ್ತೆ?"

ಅವಳಿಗೆ ಒಬ್ಬಳೇ ಮಗಳು. ಗಂಡ ಎಂದೋ ಬೇರೆ ಸಂಸಾರ ಹೂಡಿ ಹೋಗಿದ್ದ. ಅವನ ಮಾತು ಆ ಮನೆಯಲ್ಲಿ ಬರುತ್ತಿರಲಿಲ್ಲ. ಮಗಳಿಗೆ ಚಿಕ್ಕಂದಿನಿಂದ ಒಂದೇ ಹಟ, ರೈಲು ಓಡಿಸಬೇಕು. ಬೇರೆ ಮಕ್ಕಳು ಗೊಂಬೆಗೆ ಅಂಗಿ ತೊಡಿಸುವಾಗ ಇವಳು ಬೆಂಕಿಪೊಟ್ಟಣಗಳನ್ನು ದಾರದಲ್ಲಿ ಪೋಣಿಸಿ ಎಳೆಯುತ್ತಿದ್ದಳು. ಓದಿ, ಪರೀಕ್ಷೆ ಕಟ್ಟಿ, ಒಂದು ಸಲ ಸೋತು, ಎರಡನೆಯ ಸಲ ಪಾಸಾದಳು. ಇನ್ನು ಉಳಿದದ್ದು ದೇಹ ಪರೀಕ್ಷೆ ಒಂದೇ, ಕರೆ ಬರುವುದು ತಡವಾಯಿತು. ಅಷ್ಟರಲ್ಲಿ ಕೌಂಟರಿನ ಹುಡುಗಿಯೊಬ್ಬಳು ಕೆಲಸ ಬಿಟ್ಟಳು.

"ಮನೇಲಿ ಕೂತು ಗೋಡೆ ನೋಡೋ ಬದಲು ನನ್ನ ಜೊತೆ ಬಾ," ಎಂದದ್ದು ತಾಯಿಯೇ. ಮಗಳು ಬಂದಳು. ಮೊದಲ ದಿನ ತಾಯಿ ಅವಳ ಬಲಗಿವಿಗೆ ಹತ್ತಿ ಇಟ್ಟು, ಎಡಗಿವಿಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿ ಪಿನ್ನು ಹಾಕಿದಳು.

ರೈಲಿನವರ ವೈದ್ಯ ಕಚೇರಿಯಲ್ಲಿ ಕಣ್ಣು, ಎದೆ, ರಕ್ತ ಎಲ್ಲ ನೋಡಿ ಆಯಿತು. ಕೊನೆಗೆ ಕಿವಿ. ದಪ್ಪ ಗಾಜಿನ ಪುಟ್ಟ ಕೋಣೆಯೊಳಗೆ ಹೆಡ್‌ಫೋನ್ ಹಾಕಿ ಮಗಳನ್ನು ಕೂರಿಸಿದರು. ಸದ್ದು ಕೇಳಿದಾಗಲೆಲ್ಲ ಕೈಯಲ್ಲಿದ್ದ ಗುಂಡಿ ಒತ್ತಬೇಕು. ಹೊರಗಿನಿಂದ ನೋಡುತ್ತಿದ್ದ ತಾಯಿಗೆ ಮೊದಲರ್ಧದಲ್ಲಿ ಮಗಳ ಹೆಬ್ಬೆರಳು ಟಕಟಕ ಆಡುವುದು ಕಂಡಿತು. ಆಮೇಲೆ ಹೆಬ್ಬೆರಳು ಸುಮ್ಮನಾಯಿತು. ಮಗಳು ಹುಬ್ಬು ಗಂಟಿಕ್ಕಿ, ಬಾಯಿ ಅರೆ ತೆರೆದು, ಏನನ್ನೋ ಕಾಯುತ್ತ ಕೂತಳು.

ಪರೀಕ್ಷೆ ಮಾಡುವಾಕೆ ಕನ್ನಡಕದ ತೆಳ್ಳನೆಯ ಹೆಂಗಸು. ಮಗಳು ಹೊರಗೆ ಬಂದ ಮೇಲೆ ಕೇಳಿದಳು. "ಬಲಗಿವಿ ಪರವಾಗಿಲ್ಲ. ಎಡಗಿವಿ ಸೋತಿದೆ. ಏನು ಕೆಲಸ ಮಾಡ್ತಿದ್ದೀರಿ?"

"ನೈಟ್‌ಕ್ಲಬ್ಬಲ್ಲಿ. ಕೌಂಟರು."

"ನಿನ್ನೆ ಹೋಗಿದ್ರಾ?"

"ಹೋಗಿದ್ದೆ."

"ಕಿವೀಲಿ ಕೀಂ ಅಂತ ಸದ್ದಿದೆಯಾ, ಸುಮ್ಮನೆ ಇದ್ದಾಗಲೂ?"

ಮಗಳು ತಾಯಿಯ ಕಡೆ ನೋಡಿದಳು. "ಇದೆ. ಕೆಲಸಕ್ಕೆ ಸೇರಿದಾಗಿಂದ."

"ನಂಗೆ ಹೇಳಲೇ ಇಲ್ವಲ್ಲೇ," ಎಂದಳು ತಾಯಿ.

"ನಿಂಗೂ ಇದೆಯಲ್ಲ. ಎಲ್ಲರಿಗೂ ಇರುತ್ತೆ ಅಂದ್ಕೊಂಡೆ."

ಪರೀಕ್ಷೆ ಮಾಡುವಾಕೆ ಹೇಳಿದ್ದಿಷ್ಟು. ಸದ್ದಿಗೆ ಸಿಕ್ಕಿದ ಕಿವಿ ಮೊದಮೊದಲು ಬರೀ ದಣಿಯುತ್ತದೆ. ಬಿಡುವು ಕೊಟ್ಟರೆ ಚೇತರಿಸಿಕೊಳ್ಳಬಹುದು. ಬಿಡುವು ಕೊಡದೆ ಮತ್ತೆ ಅದೇ ಸದ್ದಿಗೆ ಒಡ್ಡಿದರೆ ಒಂದು ಹಂತದ ಮೇಲೆ ವಾಪಸ್ಸು ಬರುವುದಿಲ್ಲ; ಅದಕ್ಕೆ ಔಷಧಿ ಇಲ್ಲ, ಆಪರೇಷನ್ನೂ ಇಲ್ಲ. ಇನ್ನೊಂದೇ ಒಂದು ಪರೀಕ್ಷೆಗೆ ಅವಕಾಶವಿದೆ, ಮುಂದಿನ ತಿಂಗಳು. ಅಲ್ಲಿಯತನಕ ಕ್ಲಬ್ಬಿನ ಮೆಟ್ಟಿಲು ಇಳಿಯಬಾರದು.

ತಾಯಿಗೆ ರೇಗಿತು. "ಒಂದು ಕಿವಿ ಚೆನ್ನಾಗಿದೆಯಲ್ಲ. ರೈಲು ಓಡಿಸೋಕೆ ಎಷ್ಟು ಕಿವಿ ಬೇಕು ನಿಮಗೆ?"

"ಎರಡು."

"ನಾನು ಇಷ್ಟು ವರ್ಷ ಒಂದೇ ಕಿವೀಲಿ ಸಂಸಾರ ಮಾಡಿದ್ದೀನಿ. ಇದು ಕೆಲಸದ ಕಿವಿ, ಇದು ಮನೆ ಕಿವಿ. ಮನೆ ಕಿವಿಗೆ ಹತ್ತಿ ಇಡ್ತೀವಿ ನಾವು. ಗೊತ್ತಿಲ್ದೆ ಮಾತಾಡಬೇಡಿ."

"ಹತ್ತಿ ಸದ್ದನ್ನ ತಡೆಯಲ್ಲಮ್ಮ. ಜರಡೀಲಿ ನೀರು ಹಿಡಿದ ಹಾಗೆ. ಇಷ್ಟು ವರ್ಷ ಅಂದ್ರಲ್ಲ, ಬನ್ನಿ, ನೀವೂ ಕೂತ್ಕೊಳ್ಳಿ. ನೋಡೋಣ ನಿಮ್ಮ ಮನೆ ಕಿವಿ."

ಅದು ಸವಾಲಿನಂತೆ ಕೇಳಿದ್ದರಿಂದಲೇ ಅವಳು ಎದ್ದು ಹೋಗಿ ಗಾಜಿನ ಕೋಣೆಯಲ್ಲಿ ಕೂತಳು. ಹೆಡ್‌ಫೋನ್ ಹಾಕಿದರು, ಬಾಗಿಲು ಮುಚ್ಚಿದರು. ಅವಳು ಗುಂಡಿಯ ಮೇಲೆ ಹೆಬ್ಬೆರಳಿಟ್ಟು ತಯಾರಾಗಿ ಕಾದಳು. ನಡುವೆ ಒಂದೆರಡು ಸಲ, ದೂರದಲ್ಲಿ ಯಾರೋ ಚಮಚ ಬೀಳಿಸಿದ ಹಾಗೆ ಏನೋ ಆಯಿತು, ಒತ್ತಿದಳು. ಮತ್ತೆ ಕಾದಳು. ಪರೀಕ್ಷೆ ಮಾಡುವಾಕೆ ಬಾಗಿಲು ತೆಗೆದಾಗ ಸಿಡುಕಿದಳು. "ಕೂರಿಸಿಬಿಟ್ಟು ಎಲ್ಲಿ ಹೋದ್ರಿ? ಯಂತ್ರ ಶುರು ಮಾಡಲ್ವಾ?"

"ಮುಗೀತಮ್ಮ," ಎಂದಳು ಆಕೆ. ಈ ಸಲ ದನಿಯಲ್ಲಿ ಸವಾಲು ಇರಲಿಲ್ಲ. ಯಂತ್ರ ಬರೆದ ಎರಡೂ ಕಿವಿಯ ಗೆರೆಗಳು ಕಾಗದದ ತಳಕ್ಕೆ ಜಾರಿದ್ದವು. ಬಲಗಿವಿಯದು ಎಡಗಿವಿಗಿಂತ ಒಂದು ಬೆರಳು ಮೇಲಿತ್ತು, ಅಷ್ಟೇ. ಸೈರನ್ ಉಳಿಸಿಕೊಂಡದ್ದು ಆ ಒಂದು ಬೆರಳಿನಷ್ಟು.

ಹೊರಡುವಾಗ ಆಕೆ ಒಂದು ಜೊತೆ ಸ್ಪಂಜಿನ ಪ್ಲಗ್ಗು ಕೊಟ್ಟು, ಹಾಕಿಕೊಳ್ಳುವುದು ಹೇಗೆಂದು ತೋರಿಸಿದಳು. ಬೆರಳಲ್ಲಿ ಹೊಸೆದು ಬತ್ತಿಯಷ್ಟು ತೆಳ್ಳಗೆ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆಳೆದು ಒಳಗೆ ತೂರಿಸಬೇಕು. ಅದು ಉಬ್ಬಿಕೊಳ್ಳುವ ತನಕ ಬೆರಳು ಒತ್ತಿಟ್ಟಿರಬೇಕು. ಸುಮ್ಮನೆ ಕಿವಿಯ ಬಾಯಿಗೆ ಸಿಕ್ಕಿಸಿಕೊಂಡರೆ ಹತ್ತಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಮುಖ್ಯವಾಗಿ, ಎರಡೂ ಕಿವಿಗೆ.

ಮನೆಗೆ ಬಂದ ಮೇಲೆ ತಾಯಿ ಮಗಳಿಗೆ ಮಾತು ಹತ್ತಿತು. ತಾಯಿ ಕ್ಲಬ್ಬಿಗೆ ಹೋಗಬೇಡ ಎಂದಳು, ಮಗಳು ಹೋಗುತ್ತೇನೆ ಎಂದಳು. ವಾರದ ಕೊನೆಗೆ ದೊಡ್ಡ ಜನ ಬರುವುದಿದೆ, ಮ್ಯಾನೇಜರಿಗೆ ಮಾತು ಕೊಟ್ಟಿದ್ದೇನೆ ಎಂದಳು.

"ರೈಲು ಬೇಡವಾ ನಿಂಗೆ?"

"ಬೇಕು. ಅವಳ ಹೆಡ್‌ಫೋನೇ ಕೆಟ್ಟಿತ್ತು. ಎಡಗಡೆ ಒಂದು ವೈರು ಬಿಟ್ಟುಹೋಗಿತ್ತು, ನಾನೇ ನೋಡಿದೆ. ಮುಂದಿನ ಸಲ ಬೇರೆ ಹೆಡ್‌ಫೋನ್ ಹಾಕಿದ್ರೆ ಪಾಸಾಗ್ತೀನಿ."

"ನನಗೂ ಅದೇ ಹೆಡ್‌ಫೋನು. ನನಗೆ ಎರಡು ಕಡೇನೂ ವೈರು ಬಿಟ್ಟುಹೋಗಿತ್ತಾ?"

"ನಿಂಗೆ ಹೋಗಿರೋದು ಕಿವಿ. ನಂಗೆ ಹೋಗಿಲ್ಲ. ನಿನ್ನ ಜೊತೆ ನನ್ನ ಸೇರಿಸಬೇಡ."

ಮಗಳು ಭಯಕ್ಕೆ ಹಾಗನ್ನುತ್ತಿದ್ದಾಳೆ ಎಂದು ಅವಳಿಗೆ ಗೊತ್ತಿತ್ತು. ಸುಮ್ಮನೆ ಮನೆಯಲ್ಲಿ ಕೂತರೆ ಕಿವಿ ಸೋತಿದೆ ಎಂದು ಒಪ್ಪಿದ ಹಾಗೆ. ಕೆಲಸಕ್ಕೆ ಹೋದರೆ ಏನೂ ಆಗಿಲ್ಲ ಎಂದ ಹಾಗೆ. ಗೊತ್ತಿದ್ದೂ ಅವಳಿಗೆ ಮೆತ್ತಗೆ ಹೇಳಲು ಬರಲಿಲ್ಲ. "ಕತ್ತೆ," ಎಂದಳು. "ಅಪ್ಪನ ಹಾಗೇ. ಹಳ್ಳ ಕಂಡ್ರೂ ಅಲ್ಲೇ ಕಾಲಿಡೋದು."

"ಕಿವಿ ಕೊಡು ಅಂತ ಕೂದಲು ಸರಿಸಿ ಪಿನ್ ಹಾಕಿದ್ದು ಯಾರು? ಅಪ್ಪನಾ?"

ಮಗಳು ಬಲಗಿವಿಗೆ ಹತ್ತಿ ಇಟ್ಟುಕೊಂಡು ಹೊರಟಳು. ಆ ವಾರ ತಾಯಿ ಕೌಂಟರಿನ ಇನ್ನೊಂದು ತುದಿಯಲ್ಲಿ ನಿಂತು ನೋಡಿದಳು. ಗಿರಾಕಿ ಬಗ್ಗುತ್ತಾನೆ, ಮಗಳು ಎಡಗಿವಿ ಕೊಡುತ್ತಾಳೆ, ಅವನು ಕೂಗುತ್ತಾನೆ, ಅವನ ಕತ್ತಿನ ನರ ಉಬ್ಬುತ್ತದೆ. ಅವನ ಹಿಂದೆ ಇನ್ನೊಬ್ಬ. ಎಡಪಕ್ಕದಲ್ಲಿ ಸ್ಪೀಕರು. ಅವಳ ನಂಬಿಕೆಯ ಪ್ರಕಾರ ಇಷ್ಟು ದಿನ ಅದು ಹುಡುಗಿಯೊಬ್ಬಳು ಅಚ್ಚುಕಟ್ಟಾಗಿ ಕೆಲಸ ಮಾಡುವ ದೃಶ್ಯ. ಈಗ ಪ್ರತಿ ಗಿರಾಕಿಯ ಬಾಯಿಗೂ ತನ್ನ ಕೈ ಅಡ್ಡ ಹಿಡಿಯಬೇಕು ಎನ್ನಿಸಿತು.

ಮರುವಾರ ಮಧ್ಯಾಹ್ನ, ಬಾಗಿಲು ತೆರೆಯುವುದಕ್ಕೆ ಬಹಳ ಮುಂಚೆ, ಕೌಂಟರಿನವರೆಲ್ಲ ತಯಾರಿಗೆ ಬಂದಿದ್ದರು. ಹುಡುಗಿಯರಲ್ಲಿ ಹಳಬಳು ಎಂದರೆ ನಿಂಬೆ. ದಿನಾ ನಿಂಬೆಹಣ್ಣು ಹೆಚ್ಚುವ ಕೆಲಸ ಅವಳದು, ಬೆರಳೆಲ್ಲ ಸೀಳು. ಸೈರನ್ ನೆಟ್ಟಗೆ ಮ್ಯಾನೇಜರನ ಕೋಣೆಗೆ ಹೋಗಿ ಡ್ರಾಯರು ಎಳೆದು ಡಬ್ಬ ತೆಗೆದಳು. ಅವನು ಅವಳ ಹಿಂದೆಯೇ ಕೌಂಟರಿನ ತನಕ ಬಂದ.

"ಇಡು ಅದನ್ನ. ಅದು ತೋರಿಸೋಕೆ ಇಟ್ಟಿರೋದು."

"ತೋರಿಸ್ತಾನೇ ಇದ್ದೀನಿ ಸರ್. ಹುಡುಗೀರಿಗೆ."

"ಗಿರಾಕಿ ಮುಂದೆ ಕಿವಿಗೆ ಬಿರಡೆ ಹಾಕ್ಕೊಂಡು ನಿಂತ್ರೆ ಅವಮಾನ ಅಲ್ವಾ ಅವನಿಗೆ? ಆರ್ಡರ್ ಬೇರೆ ಕೇಳಿಸಲ್ಲ. ನೀನೇ ಅಂತಿದ್ದೆ."

ವೇದಿಕೆಯ ಮೇಲೆ ವೈರು ಸುತ್ತುತ್ತಿದ್ದ ಡಿಜೆ ತಲೆಯೆತ್ತಿದ. ಹಳೆಯ ರೆಕಾರ್ಡು ತಟ್ಟೆಗಳ ಮೇಲೆ ಅವನಿಗೆ ಪ್ರಾಣ, ಅದಕ್ಕೇ ಎಲ್ಲರೂ ಅವನನ್ನು ತಟ್ಟೆ ಎನ್ನುತ್ತಿದ್ದರು. "ಕೇಳಿಸುತ್ತೆ ಸರ್," ಎಂದ. "ಸರಿಯಾಗಿ ಹಾಕ್ಕೊಂಡ್ರೆ ಮಾತು ಇನ್ನೂ ಬಿಡಿಸಿ ಕೇಳಿಸುತ್ತೆ." ಹೇಳಿದ ಮೇಲೆ ಹೇಳಬಾರದಿತ್ತು ಎನ್ನಿಸಿ ವೈರಿನ ಕಡೆ ಬಗ್ಗಿದ.

"ನಿಂಗೆ ಹೇಗೆ ಗೊತ್ತು?" ಎಂದಳು ಸೈರನ್.

ಅವಳು ವೇದಿಕೆ ಹತ್ತಿ ಅವನ ಅಂಗಿಯ ಜೇಬಿಗೇ ಕೈ ಹಾಕಿದಳು. ಚಿಕ್ಕ ಡಬ್ಬಿಯಲ್ಲಿ, ಅವನ ಕಿವಿಯ ಅಳತೆಗೇ ಅಚ್ಚು ತೆಗೆದು ಮಾಡಿಸಿದ ಒಂದು ಜೊತೆ ಪ್ಲಗ್ಗು.

"ನೀನು ಮಾತ್ರ ಬಾಗಿಲು ಹಾಕ್ಕೊಂಡು ನಮ್ಮ ಮನೆಗೆ ಬೆಂಕಿ ಇಡ್ತಿದ್ದೀಯಲ್ಲೋ."

"ಎಲ್ಲ ಡಿಜೆಗಳೂ ಹಾಕ್ತಾರೆ ಅಕ್ಕ. ಇಲ್ದಿದ್ರೆ ನಮ್ಮ ಕಿವಿ ದಣಿದು, ಸದ್ದು ಕಮ್ಮಿ ಅನ್ನಿಸಿ, ಇನ್ನೂ ಏರಿಸ್ತಾನೇ ಹೋಗ್ತೀವಿ."

"ಹಾಕ್ಕೊಂಡೂ ಏರಿಸ್ತೀಯ."

"ಏರಿಸು ಅನ್ನೋರು ಅವರು," ಎಂದು ತಟ್ಟೆ ಮ್ಯಾನೇಜರನ ಕಡೆ ಗಲ್ಲ ತೋರಿಸಿದ.

ಜಗಳ ಅಲ್ಲಿಗೇ ಮುಗಿಯಬಹುದಿತ್ತು. ಹುಡುಗಿಯರು ಡಬ್ಬದ ಕಡೆ ತಿರುಗಿಯೂ ನೋಡಲಿಲ್ಲ. ಅವರಿಗೆ ಅವಳ ಹಳೆಯ ಪಾಠ ಸಾಕಾಗಿತ್ತು. "ನಮಗ್ಯಾಕಕ್ಕ ಅದು?" ಎಂದಳು ನಿಂಬೆ. "ನಮಗೆ ಮನೆ ಕಿವಿ ಇದೆಯಲ್ಲ." ಮಗಳು ಕೌಂಟರಿನ ಕೊನೆಯಲ್ಲಿ ಗ್ಲಾಸು ಒರೆಸುತ್ತ, ಇದು ಯಾರದೋ ಮನೆಯ ಮಾತು ಎನ್ನುವ ಹಾಗೆ ನಿಂತಿದ್ದಳು.

ಸೈರನ್ ಒಂದು ಸೋಡಾ ಬಾಟಲಿ ತೆರೆದು ಗ್ಲಾಸಿಗೆ ಸುರಿದಳು. "ಬಾ ಇಲ್ಲಿ. ಕಣ್ಣು ಮುಚ್ಚು. ಎಡಗಿವಿ ಅಂಗೈಯಲ್ಲಿ ಮುಚ್ಕೊ." ಗ್ಲಾಸನ್ನು ನಿಂಬೆಯ ಬಲಗಿವಿಯ ಹತ್ತಿರ ಹಿಡಿದಳು.

"ಬುಸ್ ಅಂತಿದೆ," ಎಂದು ನಿಂಬೆ ನಕ್ಕಳು.

"ಈಗ ಮನೆ ಕಿವಿ ಮುಚ್ಚು."

ಗ್ಲಾಸು ಎಡಗಡೆಗೆ ಹೋಯಿತು. ನಿಂಬೆ ಕಾದಳು. "ಹಿಡಿ ಅಕ್ಕ."

"ಹಿಡಿದಿದ್ದೀನಿ."

ನಿಂಬೆ ಕಣ್ಣು ತೆರೆದಳು. ಗ್ಲಾಸು ಅವಳ ಕಿವಿಗೆ ತಾಗಿಕೊಂಡೇ ಇತ್ತು. ಸೋಡಾದ ಸಣ್ಣ ಹನಿಗಳು ಸಿಡಿದು ಅವಳ ಕೆನ್ನೆ ಒದ್ದೆಯಾಗುತ್ತಿತ್ತು. ಅವಳು ಕೆನ್ನೆ ಮುಟ್ಟಿ ನೋಡಿಕೊಂಡಳು, ಗ್ಲಾಸನ್ನು ತಾನೇ ಕಿತ್ತುಕೊಂಡು ಮತ್ತೊಮ್ಮೆ ಕಿವಿಗಿಟ್ಟುಕೊಂಡಳು. ಆಮೇಲೆ ಉಳಿದವರು ಒಬ್ಬೊಬ್ಬರಾಗಿ ಬಂದರು. ಹೊಸ ಬಾಟಲಿ ತೆರೆಯುತ್ತ ಹೋದರು. ಯಾರೂ ನಗಲಿಲ್ಲ. ಒಬ್ಬಳಿಗೆ ಬಲಗಿವಿಯಲ್ಲೂ ಕೇಳಿಸಲಿಲ್ಲ.

ಕೊನೆಗೆ ಮಗಳು ಉಳಿದಳು. "ನನಗೇನೂ ಬೇಡ," ಎಂದಳು.

"ಭಯವಾ?"

ಆ ಮಾತಿಗೆ ಮಗಳು ಬಂದು ನಿಂತು ಕಣ್ಣು ಮುಚ್ಚಿದಳು, ಬಲಗಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. ಸೈರನ್ ಸೋಡಾ ಬಾಟಲಿಯನ್ನು ಕೈಗೆತ್ತಿಕೊಂಡು ಕೆಳಗಿಟ್ಟಳು. ತೊಟ್ಟಿಯ ನಲ್ಲಿಯಿಂದ ಒಂದು ಗ್ಲಾಸು ಬರೀ ನೀರು ಹಿಡಿದು, ಅದನ್ನು ಮಗಳ ಎಡಗಿವಿಯ ಹತ್ತಿರ ಒಯ್ದಳು. ಇದನ್ನು ಅವಳು ಮೊದಲೇ ಯೋಚಿಸಿದ್ದಲ್ಲ. ಸೋಡಾ ಹಿಡಿದರೂ ಮಗಳು ಕೇಳಿಸಿತು ಎಂದೇ ಹೇಳುತ್ತಾಳೆ, ಇವತ್ತು ಹಾಗೆ ಹೇಳಿ ಗೆದ್ದರೆ ನಾಳೆಯೂ ಇಲ್ಲಿಗೇ ಬರುತ್ತಾಳೆ ಎಂದು ಆ ಕ್ಷಣಕ್ಕೆ ತೋಚಿತು.

"ಕೇಳಿಸ್ತಿದೆ," ಎಂದಳು ಮಗಳು. "ಚೆನ್ನಾಗೇ ಕೇಳಿಸ್ತಿದೆ. ಬುಸ್ ಅಂತ."

ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ ಕಂಬ ಗೊಳ್ಳನೆ ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡ. ಮಗಳು ಕಣ್ಣು ಬಿಟ್ಟು ಗ್ಲಾಸು ನೋಡಿದಳು. ನೀರು ಅಲುಗದೆ ಇತ್ತು. ಅವಳ ಮುಖದಲ್ಲಿ ಮೊದಲು ಬಂದದ್ದು ಭಯ, ಆಮೇಲೆ ಬಂದದ್ದು ಬೇರೆ. ಆ ಬೇರೆಯದನ್ನು ತಾಯಿ ಅದಕ್ಕೂ ಮುಂಚೆ ಒಂದೇ ಸಲ ಕಂಡಿದ್ದಳು, ಮನೆ ಬಿಟ್ಟು ಹೋಗುವ ದಿನ ಗಂಡನ ಮುಖದಲ್ಲಿ.

"ಎಲ್ಲರ ಮುಂದೆ," ಎಂದಳು ಮಗಳು. "ಎಲ್ಲರ ಮುಂದೇನೇ ಮಾಡಬೇಕಿತ್ತಾ?"

"ಮನೇಲಿ ಹೇಳಿದ್ರೆ ಕೇಳಿದ್ಯಾ?"

ಮಗಳು ಸೊಂಟಕ್ಕೆ ಕಟ್ಟಿದ್ದ ಏಪ್ರನ್ ಬಿಚ್ಚಿ ಕೌಂಟರಿನ ಮೇಲೆ ಹಾಕಿದಳು. ಕಂಬನನ್ನು ತಳ್ಳಿಕೊಂಡು ಮೆಟ್ಟಿಲು ಹತ್ತಿ ಹೋದಳು. ಮತ್ತೆ ಆ ಮೆಟ್ಟಿಲು ಇಳಿಯಲಿಲ್ಲ. ಮನೆಗೂ ಬರಲಿಲ್ಲ, ಊರಾಚೆ ಗೆಳತಿಯೊಬ್ಬಳ ಕೋಣೆಯಲ್ಲಿ ಇದ್ದಾಳೆಂದು ತಾಯಿಗೆ ಬೇರೆಯವರಿಂದ ತಿಳಿಯಿತು. ಅಲ್ಲಿ ಸುತ್ತ ಏನಿದೆ ಎಂದು ಅವಳು ಕೇಳಿದ್ದು ಒಂದೇ ಪ್ರಶ್ನೆ. ಕಾರ್ಖಾನೆ ಇಲ್ಲ, ಬಸ್ಸಿನ ರಸ್ತೆಯೂ ದೂರ ಎಂದರು.

ಇತ್ತ ಕೌಂಟರಿನಲ್ಲಿ, ಮಗಳು ಮೆಟ್ಟಿಲು ಹತ್ತಿದ ಬೆನ್ನಿಗೇ, ನಿಂಬೆ ಕೇಳಿದಳು. "ಇಷ್ಟು ವರ್ಷ ನಮ್ಮ ಕಿವಿ ಮೇಲೆ ಹೂ ಇಟ್ಟಿದ್ದು ನೀನೇನಾ ಅಕ್ಕ?"

"ನನಗೂ ಗೊತ್ತಿರಲಿಲ್ಲ."

"ಗೊತ್ತಿಲ್ದೆ ಯಾಕೆ ಕಲಿಸಿದೆ? ಅಷ್ಟು ದೊಡ್ಡ ಬಾಯಲ್ಲಿ?"

ಮ್ಯಾನೇಜರು ಸಮಯ ನೋಡಿ ಬಾಯಿ ಹಾಕಿದ. "ಕೇಳಿಸ್ಕೊಳ್ಳಿ ಎಲ್ಲರೂ. ಎಡಗಿವಿ ಕೊಡಿ ಅಂತ ನಾನು ಬೋರ್ಡ್ ಹಾಕಿದ್ನಾ? ಪ್ಲಗ್ಗು ತರಿಸಿಟ್ಟಿದ್ದೆ. ಬೇಡ ಅಂದು ನಗಾಡಿದ್ದು ಇವಳು."

ಬಚ್ಚಿಟ್ಟವನು ಅವನು. ಸ್ಪೀಕರು ಪೇರಿಸಿದವನು, ಏರಿಸು ಎಂದವನು ಅವನೇ. ಇದನ್ನೆಲ್ಲ ಕೂಗಿ ಹೇಳುವಷ್ಟು ಗಂಟಲು ಅವಳಿಗಿತ್ತು. ಅವಳು ಹೇಳಿದ್ದು ಇಷ್ಟೇ. "ಹೌದು. ನಾನೇ ಕಲಿಸಿದ್ದು. ತಪ್ಪು ಕಲಿಸಿದೆ. ಈಗ ಎರಡಕ್ಕೂ ಹಾಕ್ಕೊಳ್ಳಿ."

ನಿಂಬೆ ಕೈಯಲ್ಲಿದ್ದ ಸೋಡಾವನ್ನು ಅವಳ ಮುಖಕ್ಕೆ ಎರಚಿದಳು. ಸೈರನ್ ಕಣ್ಣು ಒರೆಸಿಕೊಂಡು, ಡಬ್ಬದ ಸೀಲು ಒಡೆದು ಕೌಂಟರಿನ ನಡುವೆ ಇಟ್ಟಳು. ಹೊಸೆದು, ಕಿವಿ ಮೇಲಕ್ಕೆಳೆದು, ತೂರಿಸಿ, ಒತ್ತಿಕೊಂಡು ತೋರಿಸಿದಳು. ಯಾರೂ ನೋಡದ ಹಾಗೆ ನಿಂತು ಎಲ್ಲರೂ ನೋಡಿದರು. ಮ್ಯಾನೇಜರು ಆ ದಿನವೇ ಅವಳನ್ನು ಕೆಲಸದಿಂದ ತೆಗೆದ. ಹುಡುಗಿಯರಲ್ಲಿ ಒಬ್ಬಳೂ ಅವಳ ಪರ ನಿಲ್ಲಲಿಲ್ಲ. ಆದರೆ ಡಬ್ಬವನ್ನು ಅವನಿಗೆ ವಾಪಸ್ಸು ಕೊಡಲಿಲ್ಲ. ಅವನು ಕೈ ಹಾಕಲು ಬಂದಾಗ ನಿಂಬೆ ತನ್ನ ಹಣ್ಣು ಹೆಚ್ಚುವ ಚಾಕುವನ್ನು ಕೆಳಗಿಡದೆ ಅವನನ್ನು ನೋಡಿದಳಂತೆ. ಈಗ ಅಲ್ಲಿ ಎಲ್ಲರೂ ಎರಡು ಕಿವಿಗೂ ಹಾಕಿಕೊಳ್ಳುತ್ತಾರೆ, ಸರದಿಯ ಮೇಲೆ ಹೊರಗಿನ ಓಣಿಗೆ ಹೋಗಿ ಕಿವಿಗೆ ಬಿಡುವು ಕೊಡುತ್ತಾರೆ, ಗಿರಾಕಿ ಬೇಕಾದದ್ದನ್ನು ಬೆರಳು ಮಾಡಿ ತೋರಿಸಬೇಕು. ಅವಳ ಹೆಸರೆತ್ತಿದರೆ ಮಾತ್ರ ಇಂದಿಗೂ ಉಗಿಯುತ್ತಾರೆ.

ಎರಡನೆಯ ಪರೀಕ್ಷೆಯ ದಿನ ಅವಳಿಗೆ ನೆನಪಿತ್ತು. ಕರೆಯದಿದ್ದರೂ ಹೋಗಿ, ಕಚೇರಿಯ ಮೊಗಸಾಲೆಯ ಬೆಂಚಿನ ಮೇಲೆ ಕೂತಳು. ಮಗಳು ಬಂದಳು, ಬೆಂಚಿನ ಮುಂದಿನಿಂದಲೇ ದಾಟಿ ಒಳಗೆ ಹೋದಳು. ತುಸು ಸೊರಗಿದ್ದಳು. ಬಾಗಿಲಲ್ಲಿದ್ದ ಜವಾನ ಮಧ್ಯವಯಸ್ಸಿನವನು, ಮಾತಿನ ಚಪಲದವನು. "ಮಗಳಾ?" ಎಂದ. ಅವನ ತುಟಿ ನೋಡಿ ಅವಳು ಹೂಂ ಎಂದಳು. "ನೀವೂ ಒಳಗೆ ಹೋಗಿ," ಎಂದ. "ನಿಮ್ಮ ಕೆಲಸ ನೋಡ್ಕೊಳ್ಳಿ," ಎಂದಳು.

ಗಾಜಿನ ಕೋಣೆ ಅಲ್ಲಿಂದ ಕಾಣುತ್ತಿರಲಿಲ್ಲ. ಅವಳು ಎದುರಿನ ಗೋಡೆಯನ್ನು ನೋಡುತ್ತ, ಮಡಿಲಲ್ಲಿ ತನ್ನ ಹೆಬ್ಬೆರಳನ್ನು ತಾನೇ ಒತ್ತುತ್ತ ಕೂತಳು. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಮಗಳು ಹೊರಬಂದು ಬೆಂಚಿಗೆ ಬೆನ್ನು ಹಾಕಿ ನಿಂತು ಜವಾನನ ಹತ್ತಿರ ಏನೋ ಹೇಳಿದಳು. ಅವಳ ಭುಜ ಅಲುಗಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಆಮೇಲೆ ತಿರುಗಿ ನೋಡದೆ ಮೆಟ್ಟಿಲು ಇಳಿದು ಹೋದಳು.

ಸೈರನ್ ಎದ್ದು ಜವಾನನ ಮುಂದೆ ನಿಂತಳು. "ಏನಂದಳು?"

"ಪಾಸಾಯ್ತು ಅಂದ್ರು," ಎಂದ ಅವನು, ಬೇರೆ ಕಡೆ ನೋಡುತ್ತ.

"ಮುಖ ತೋರಿಸಿ ಹೇಳಿ. ಅಷ್ಟೇ ಅಲ್ಲ, ಉದ್ದ ಹೇಳಿದಳು."

"ಅಷ್ಟೇ ಅಮ್ಮ."

"ನನ್ನ ಕಿವಿ ಹೋಗಿದೆ, ಕಣ್ಣು ಹೋಗಿಲ್ಲ."

ಜವಾನ ಕೈಯಲ್ಲಿದ್ದ ಬೀಗದ ಕೈಗೊಂಚಲನ್ನು ಈ ಕೈಯಿಂದ ಆ ಕೈಗೆ ಹಾಕಿಕೊಂಡ. "ಪಾಸಾದೆ ಅಂತ ಆ ಬೆಂಚಲ್ಲಿರೋರಿಗೆ ಹೇಳಿಬಿಡಿ. ಇನ್ನು ಮೇಲೆ ನನ್ನ ಹುಡುಕ್ಕೊಂಡು ಬರೋದು ಬೇಡ, ನಾನೂ ಮನೆಗೆ ಬರಲ್ಲ ಅಂತಾನೂ ಹೇಳಿ. ಹಾಗಂದ್ರು."

ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು. "ಎರಡೂ ಕಿವೀನಾ?"

"ಏನು?"

"ಪಾಸಾಗಿದ್ದು. ಎರಡೂ ಕಿವೀಲಾ?"

"ಎರಡೂ ಪಾಸಾದ್ರೇನೇ ಪಾಸು ಅನ್ನೋದಮ್ಮ ಇಲ್ಲಿ."

"ಮತ್ತೆ ಅದನ್ನ ಮೊದಲು ಹೇಳೋಕೆ ನಿಮಗೇನು ರೋಗ?" ಎಂದು ಅವನನ್ನು ಬೈದು, ಚೀಲ ಹೆಗಲಿಗೆ ಹಾಕಿಕೊಂಡು, ಮೆಟ್ಟಿಲ ಹತ್ತಿರ ನಿಂತಳು. ಮಗಳು ಕೆಳಗೆ ಗೇಟು ದಾಟುವ ತನಕ ಅಲ್ಲೇ ನಿಂತಿದ್ದು, ಆಮೇಲೆ ಇಳಿದಳು.